ಯಹೂದಿ ಮತ್ತು ಮುಸ್ಲಿಂ ಕಲಾವಿದರ ಜಂಟಿ ಫೆಲೋಶಿಪ್ ಕಟ್ಟುವ ಬಗೆ: ಒಂದು ಮಾರ್ಗದರ್ಶಿ

ಲಾಸ್ ಏಂಜಲೀಸ್, ನ್ಯೂಯಾರ್ಕ್, ಲಂಡನ್, ಬರ್ಲಿನ್ ಮೊದಲಾದ ನಗರಗಳಲ್ಲಿ ಯಹೂದಿಗಳೂ ಮುಸ್ಲಿಮರೂ ಒಂದೇ ಊರಿನಲ್ಲಿ, ಎಷ್ಟೋ ಸಲ ಒಂದೇ ಬಡಾವಣೆಯಲ್ಲಿ ಬದುಕುತ್ತಿದ್ದರೂ ಒಬ್ಬರ ಮನೆಯ ಹೊಸ್ತಿಲನ್ನು ಇನ್ನೊಬ್ಬರು ತುಳಿಯುವುದು ಅಪರೂಪ. ಈ ದೂರವನ್ನು ಕಡಿಮೆ ಮಾಡಲು ಹಲವು ಪ್ರಯತ್ನಗಳು ನಡೆದಿವೆ. ಲಾಸ್ ಏಂಜಲೀಸ್‌ನ ನ್ಯೂಗ್ರೌಂಡ್ ಸಂಸ್ಥೆಯು 2006ರಲ್ಲಿ ಒಂದು ಮುಸ್ಲಿಂ ಸಂಘಟನೆ ಮತ್ತು ಒಂದು ಯಹೂದಿ ಸಂಘಟನೆಯ ಜಂಟಿ ಯೋಜನೆಯಾಗಿ ಆರಂಭವಾಗಿ, ಎರಡೂ ಸಮುದಾಯಗಳವರು ಒಟ್ಟಿಗೆ ಕುಳಿತು ಕಲಿಯುವ ಫೆಲೋಶಿಪ್‌ಗಳನ್ನು ನಡೆಸುತ್ತ ಬಂದಿದೆ. ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಲಾಬಾ ಎಂಬ ಕಾರ್ಯಕ್ರಮವು ಕಲಾವಿದರನ್ನು ವರ್ಷವಿಡೀ ಪ್ರಾಚೀನ ಯಹೂದಿ ಗ್ರಂಥಗಳ ಓದಿಗೆ ಕೂರಿಸಿ, ಆ ಓದಿನಿಂದ ಹೊಸ ಕೃತಿಗಳನ್ನು ರೂಪಿಸುವ ಪದ್ಧತಿಯನ್ನು ರೂಢಿಗೆ ತಂದಿದೆ. ಲಂಡನ್ನಿನಲ್ಲಿ ಟ್ರೈಸಿಕಲ್ ರಂಗಮಂದಿರದ ಆಸರೆಯಲ್ಲಿ ಬೆಳೆದ ಮುಜು ತಂಡವು ಎರಡೂ ಸಮುದಾಯಗಳ ಯುವಜನರನ್ನು ನಾಟಕಕ್ಕಾಗಿ ಕೂಡಿಸಿತು.

ಇಂಥ ಫೆಲೋಶಿಪ್ ಒಂದನ್ನು ಹೊಸದಾಗಿ ಕಟ್ಟಬೇಕೆಂದಿರುವವರಿಗಾಗಿ ಈ ಲೇಖನವನ್ನು ಬರೆದಿದ್ದೇನೆ. ಹೊರದೇಶಗಳ ಗ್ರಂಥಾಲಯ, ಕಲಾ ಗ್ಯಾಲರಿ, ವಿಶ್ವವಿದ್ಯಾಲಯ ಮತ್ತು ಸಮುದಾಯ ಕೇಂದ್ರಗಳಲ್ಲಿ ದುಡಿಯುವ ಕನ್ನಡಿಗರಿಗೆ ಇದು ನೇರವಾಗಿ ಉಪಯೋಗಕ್ಕೆ ಬರಬಹುದು; ಅರ್ಜಿ ಹಾಕಲು ಹೊರಟ ಕಲಾವಿದರಿಗೆ ಯಾವ ಪ್ರಶ್ನೆಗಳನ್ನು ಮೊದಲೇ ಕೇಳಬೇಕೆಂಬುದೂ ತಿಳಿದೀತು. ಜೊತೆಗೂಡಿ ಕೈಯಾರೆ ಮಾಡುವ ಕೆಲಸವೇ ಇಲ್ಲಿ ನಡುಗಂಬ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಾಮರಸ್ಯವು ಆ ಕೆಲಸದ ಫಲವಾಗಿ ಬಂದರೆ ಬರಲಿ, ಆದರೆ ಅದನ್ನೇ ಕೃತಿಯ ವಿಷಯವನ್ನಾಗಿ ಕಲಾವಿದರಿಂದ ಬೇಡಬಾರದು.

ಉದ್ದೇಶವನ್ನೂ ಮಾಧ್ಯಮವನ್ನೂ ಗೊತ್ತುಮಾಡಿಕೊಳ್ಳುವುದು

ಮೊದಲು ಕಾರ್ಯಕ್ರಮದ ಉದ್ದೇಶವನ್ನು ಒಂದೇ ವಾಕ್ಯದಲ್ಲಿ ಬರೆದಿಡಿ. "ಶಾಂತಿಯನ್ನು ಸ್ಥಾಪಿಸುವುದು" ಎಂದು ಬರೆದರೆ ಅದನ್ನು ಯಾರಿಂದಲೂ ಪೂರೈಸಲಾಗದು, ಪೂರೈಸಿದೆವೇ ಇಲ್ಲವೇ ಎಂದು ಅಳೆಯಲೂ ಆಗದು. "ಐವರು ಯಹೂದಿ ಮತ್ತು ಐವರು ಮುಸ್ಲಿಂ ಕಲಾವಿದರು ಒಂಬತ್ತು ತಿಂಗಳು ಒಂದೇ ಕಾರ್ಯಾಗಾರದಲ್ಲಿ ಅಕ್ಷರಕಲೆಯನ್ನು ಅಭ್ಯಾಸ ಮಾಡಿ, ಜೋಡಿಯಾಗಿ ಹೊಸ ಕೃತಿಗಳನ್ನು ರಚಿಸುವುದು" ಎಂದು ಬರೆದರೆ ಕೆಲಸ ಕಣ್ಣಿಗೆ ಕಾಣುತ್ತದೆ. ಹಣ ಕೊಡುವವರಿಗೂ, ಅರ್ಜಿ ಹಾಕುವವರಿಗೂ, ಮುಂದೆ ಜಗಳವಾದಾಗ ಮಧ್ಯಸ್ಥಿಕೆ ವಹಿಸುವವರಿಗೂ ಆ ವಾಕ್ಯವೇ ಆಧಾರವಾಗುತ್ತದೆ.

ಮಾಧ್ಯಮವನ್ನು ಕಿರಿದಾಗಿಸಿಕೊಳ್ಳುವುದು ಒಳ್ಳೆಯದು. ಚಿತ್ರ, ಸಂಗೀತ, ನಾಟಕ, ಕವಿತೆ, ವಿಡಿಯೊ ಎಲ್ಲವನ್ನೂ ಒಂದೇ ತಂಡದಲ್ಲಿ ಸೇರಿಸಿದರೆ ಪ್ರತಿಯೊಬ್ಬರೂ ತಮ್ಮ ಮೂಲೆಯಲ್ಲಿ ತಮ್ಮ ಕೆಲಸ ಮಾಡಿಕೊಂಡು, ತಿಂಗಳಿಗೊಮ್ಮೆ ಮಾತಿಗೆ ಮಾತ್ರ ಸೇರುವಂತಾಗುತ್ತದೆ. ಅಕ್ಷರಕಲೆ, ಬಟ್ಟೆ ಮತ್ತು ಕಸೂತಿ, ಲೋಹದ ಕೆಲಸ, ಗಾಯನ, ಇವುಗಳಲ್ಲಿ ಒಂದನ್ನು ಆರಿಸಿಕೊಂಡರೆ ಎರಡೂ ಪರಂಪರೆಗಳಲ್ಲಿ ಆಳವಾದ ಸಾಮಗ್ರಿ ಸಿಗುತ್ತದೆ, ಒಬ್ಬರು ಇನ್ನೊಬ್ಬರಿಂದ ಕೈಚಳಕವನ್ನು ಕಲಿಯುವ ಅವಕಾಶವೂ ಇರುತ್ತದೆ.

ಪಾಲುದಾರರು ಮತ್ತು ಹಣ

ಒಂದೇ ಸಂಸ್ಥೆ ಆತಿಥೇಯನಾಗಿ, ಇನ್ನೊಂದು ಸಮುದಾಯದವರನ್ನು "ಆಹ್ವಾನಿಸುವ" ವ್ಯವಸ್ಥೆಯನ್ನು ಬಿಡಿ. ಹಾಗೆ ಮಾಡಿದಾಗ ಒಬ್ಬರು ಮನೆಯವರಾಗಿ, ಇನ್ನೊಬ್ಬರು ಅತಿಥಿಗಳಾಗಿಯೇ ಕೊನೆಯವರೆಗೂ ಉಳಿಯುತ್ತಾರೆ. ಎರಡು ಸಂಸ್ಥೆಗಳು, ಇಬ್ಬರು ಸಂಚಾಲಕರು, ಒಂದೇ ಬ್ಯಾಂಕ್ ಖಾತೆ, ಎರಡು ಸಹಿ, ಇದು ಸರಿಯಾದ ಏರ್ಪಾಡು. ನ್ಯೂಗ್ರೌಂಡ್ ಹುಟ್ಟುವಾಗಲೇ ಎರಡು ಸಂಘಟನೆಗಳ ಕೂಸಾಗಿದ್ದುದರಿಂದ, ಅದು ಯಾರ ಕಾರ್ಯಕ್ರಮ ಎಂಬ ಪ್ರಶ್ನೆಗೆ ಆರಂಭದಿಂದಲೇ ಉತ್ತರವಿತ್ತು.

ಅಮೆರಿಕದಲ್ಲಿಯೂ ಯುರೋಪಿನಲ್ಲಿಯೂ ಅರ್ಜಿದಾರರು ಮೊದಲು ಕೇಳುವುದು ಹಣ ಎಲ್ಲಿಂದ ಬರುತ್ತದೆ ಎಂಬುದನ್ನು. ಇಸ್ರೇಲ್ ಸರ್ಕಾರದ ಅಥವಾ ಅದರ ಪರವಾಗಿ ಪ್ರಚಾರ ನಡೆಸುವ ಸಂಸ್ಥೆಯ ಹಣವಿದ್ದರೆ ಅನೇಕ ಮುಸ್ಲಿಂ ಕಲಾವಿದರು ಬರುವುದಿಲ್ಲ. ಬಂದವರು ತಮ್ಮ ಸಮುದಾಯದಲ್ಲಿ ಉತ್ತರ ಹೇಳಬೇಕಾಗುತ್ತದೆ. ಹಾಗೆಯೇ ಯಹೂದಿ ಕಲಾವಿದರಿಗೆ, ಒಳಗೆ ಕಾಲಿಡುವ ಮೊದಲು ತಮ್ಮ ರಾಜಕೀಯ ನಿಲುವಿನ ಬಗ್ಗೆ ಪ್ರಮಾಣ ಮಾಡಬೇಕಾಗುತ್ತದೆಯೋ ಎಂಬ ಅಳುಕು ಇರುತ್ತದೆ. ಈ ಎರಡು ಸಂಶಯಗಳಿಗೂ ಅರ್ಜಿ ನಮೂನೆಯಲ್ಲಿಯೇ ಸ್ಪಷ್ಟ ಉತ್ತರವಿರಲಿ: ದಾನಿಗಳ ಪೂರ್ಣ ಪಟ್ಟಿ, ಪ್ರತಿಯೊಬ್ಬರೂ ವಿಧಿಸಿರುವ ಷರತ್ತು, ಮತ್ತು ಯಾವ ರಾಜಕೀಯ ಹೇಳಿಕೆಗೂ ಯಾರಿಂದಲೂ ಸಹಿ ಕೇಳುವುದಿಲ್ಲ ಎಂಬ ಒಂದು ವಾಕ್ಯ. ಊರಿನ ಕಲಾ ಮಂಡಳಿ, ಸಾರ್ವಜನಿಕ ಗ್ರಂಥಾಲಯ, ವಿಶ್ವವಿದ್ಯಾಲಯಗಳಂಥ ಮೂಲಗಳಿಂದ ಹಣದ ದೊಡ್ಡ ಪಾಲು ಬಂದರೆ ಈ ತೊಡಕು ಬಹುಮಟ್ಟಿಗೆ ತಪ್ಪುತ್ತದೆ.

ಗೌರವಧನ ಎಲ್ಲರಿಗೂ ಒಂದೇ ಮೊತ್ತದ್ದಾಗಿರಬೇಕು. ಹೆಸರಾಂತರಿಗೆ ಹೆಚ್ಚು, ಹೊಸಬರಿಗೆ ಕಡಿಮೆ ಎಂಬ ಲೆಕ್ಕ ಇಂಥ ತಂಡದಲ್ಲಿ ಬಹಳ ಬೇಗ ಸಮುದಾಯಗಳ ನಡುವಿನ ತಾರತಮ್ಯವಾಗಿ ಕಾಣತೊಡಗುತ್ತದೆ. ಸಾಮಗ್ರಿ, ಪ್ರಯಾಣ ಮತ್ತು ಮಕ್ಕಳನ್ನು ನೋಡಿಕೊಳ್ಳುವವರ ಖರ್ಚನ್ನು ಬೇರೆಯಾಗಿ ಕೊಡಿ.

ಆಯ್ಕೆ

ಎಂಟರಿಂದ ಹನ್ನೆರಡು ಜನ ಸಾಕು. ಅದಕ್ಕಿಂತ ಹೆಚ್ಚಾದರೆ ಒಂದೇ ಮೇಜಿನ ಸುತ್ತ ಕುಳಿತು ಕೆಲಸ ಮಾಡುವುದು ಕಷ್ಟ; ಕಡಿಮೆಯಾದರೆ ಒಬ್ಬರು ಬಿಟ್ಟುಹೋದಾಗ ತಂಡವೇ ಅಲುಗಾಡುತ್ತದೆ. ಎರಡೂ ಕಡೆಯ ಸಂಖ್ಯೆ ಸಮವಾಗಿರಲಿ, ಆಯ್ಕೆ ಸಮಿತಿಯಲ್ಲಿಯೂ ಹಾಗೆಯೇ ಇರಲಿ.

ಸಂಖ್ಯೆಯಷ್ಟೇ ಮುಖ್ಯವಾದದ್ದು ಒಳಗಿನ ವೈವಿಧ್ಯ. ಯಹೂದಿ ಎಂದರೆ ಪೂರ್ವ ಯುರೋಪಿನ ಮೂಲದವರು ಮಾತ್ರವಲ್ಲ. ಇರಾಕ್, ಯೆಮೆನ್, ಮೊರಾಕ್ಕೊ, ಇರಾನ್, ಇಥಿಯೋಪಿಯಾ ಮೂಲದ ಯಹೂದಿಗಳಿದ್ದಾರೆ. ಮುಂಬೈ ಮತ್ತು ಕೊಂಕಣ ತೀರದ ಬೆನೆ ಇಸ್ರೇಲ್ ಸಮುದಾಯವಿದೆ. ಆ ಸಮುದಾಯದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿರುವ ಸಿಯೋನಾ ಬೆಂಜಮಿನ್ ಅವರ ವರ್ಣಚಿತ್ರಗಳಲ್ಲಿ ಭಾರತದ ಕಿರುಚಿತ್ರ ಶೈಲಿ ಮತ್ತು ನೀಲವರ್ಣದ ಆಕೃತಿಗಳು ಯಹೂದಿ ಕಥೆಗಳೊಂದಿಗೆ ಬೆರೆತಿವೆ. ಮುಸ್ಲಿಮರೆಂದರೆ ಅರಬರು ಮಾತ್ರವೂ ಅಲ್ಲ: ಆಫ್ರಿಕನ್-ಅಮೆರಿಕನ್ ಮುಸ್ಲಿಮರು, ದಕ್ಷಿಣ ಏಷ್ಯಾದವರು, ಇರಾನಿನ ಶಿಯಾಗಳು, ಬೋಸ್ನಿಯಾದವರು, ಪಶ್ಚಿಮ ಆಫ್ರಿಕದವರು ಎಲ್ಲರೂ ಇದ್ದಾರೆ. ಬಗ್ದಾದಿನ ಯಹೂದಿ ಮನೆತನದವರೊಬ್ಬರೂ ಬಗ್ದಾದಿನ ಮುಸ್ಲಿಂ ಮನೆತನದವರೊಬ್ಬರೂ ಒಂದೇ ತಂಡದಲ್ಲಿದ್ದರೆ ಅವರಿಬ್ಬರ ನಡುವಿನ ಸಾಮ್ಯ ಅವರವರ ಧರ್ಮಬಂಧುಗಳೊಂದಿಗಿನ ಸಾಮ್ಯಕ್ಕಿಂತ ಹೆಚ್ಚಾಗಿರಬಹುದು. ಮುಖಾಮುಖಿಯಾಗಿ ಕುಳಿತ ಎರಡು ಪಕ್ಷಗಳೆಂಬ ಕಲ್ಪನೆ ಮುರಿಯುವುದು ಅಲ್ಲಿಯೇ.

ಅರ್ಜಿಯಲ್ಲಿ "ನಿಮ್ಮ ನಂಬಿಕೆ ಎಷ್ಟು ಗಟ್ಟಿ" ಎಂದು ಕೇಳಬೇಡಿ. ಧಾರ್ಮಿಕ ಆಚರಣೆಯಿಲ್ಲದ ಕಲಾವಿದರಿಗೂ ಬಾಗಿಲು ತೆರೆದಿರಲಿ. ಆದರೆ ಎರಡು ಪ್ರಶ್ನೆಗಳನ್ನು ಅಗತ್ಯವಾಗಿ ಕೇಳಿ: ನಿಮ್ಮ ಕೆಲಸವನ್ನು ಬೇರೊಬ್ಬರು ಮುಟ್ಟಿ ಬದಲಿಸುವುದಕ್ಕೆ ನೀವು ಎಷ್ಟರ ಮಟ್ಟಿಗೆ ಒಪ್ಪುತ್ತೀರಿ? ನಿಮಗೆ ತೀರ ಒಪ್ಪಿಗೆಯಿಲ್ಲದ ಅಭಿಪ್ರಾಯವುಳ್ಳವರ ಪಕ್ಕದಲ್ಲಿ ಹಿಂದೆ ಯಾವಾಗಲಾದರೂ ಕೆಲಸ ಮಾಡಿದ್ದೀರಾ, ಆಗ ಏನಾಯಿತು? ಈ ಉತ್ತರಗಳು ಕೃತಿಗಳ ಛಾಯಾಚಿತ್ರಗಳಿಗಿಂತ ಹೆಚ್ಚು ತಿಳಿಸುತ್ತವೆ. ಎಲ್ಲ ವಿಷಯದಲ್ಲಿಯೂ ಮೊದಲೇ ಒಮ್ಮತವುಳ್ಳವರನ್ನು ಮಾತ್ರ ಆರಿಸಿದರೆ ತಂಡ ಸುಲಭವಾಗಿ ನಡೆಯುತ್ತದೆ, ಆದರೆ ಅದರಿಂದ ಯಾರಿಗೂ ಏನೂ ಹೊಸದು ಸಿಗುವುದಿಲ್ಲ.

ಪಂಚಾಂಗ, ಊಟ, ಕುಂಚ

ಮೊದಲ ಸಭೆಗೆ ಮುನ್ನ ವರ್ಷದ ಕ್ಯಾಲೆಂಡರ್ ಮುಂದಿಟ್ಟುಕೊಂಡು ಎರಡು ಬಣ್ಣಗಳಲ್ಲಿ ಗುರುತು ಹಾಕಿ. ಶುಕ್ರವಾರ ಮಧ್ಯಾಹ್ನ ಜುಮಾ ನಮಾಜ್, ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ರಾತ್ರಿಯವರೆಗೆ ಯಹೂದಿಗಳ ವಾರದ ವಿಶ್ರಾಂತಿ ದಿನವಾದ ಸಬ್ಬತ್. ಲಂಡನ್ನಿನ ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆ ಮುನ್ನವೇ ಸೂರ್ಯ ಮುಳುಗುವುದರಿಂದ ಶುಕ್ರವಾರ ಹೆಚ್ಚುಕಡಿಮೆ ಪೂರ್ತಿ ಕೈಬಿಟ್ಟಂತೆಯೇ. ಭಾನುವಾರ ಹಗಲು ಮತ್ತು ವಾರದ ನಡುವಿನ ಒಂದು ಸಂಜೆ ಎರಡೂ ಕಡೆಯವರಿಗೆ ಅನುಕೂಲ. ಇಸ್ಲಾಮೀ ಪಂಚಾಂಗ ಶುದ್ಧ ಚಾಂದ್ರಮಾನದ್ದಾದ್ದರಿಂದ ರಂಜಾನ್ ಪ್ರತಿವರ್ಷ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 2030ರಲ್ಲಿ ಜನವರಿಯಲ್ಲೊಮ್ಮೆ, ಡಿಸೆಂಬರಿನಲ್ಲೊಮ್ಮೆ ಎರಡು ಬಾರಿ ಆರಂಭವಾಗಲಿದೆ. ಯಹೂದಿ ಪಂಚಾಂಗದಲ್ಲಿ ನಮ್ಮ ಪಂಚಾಂಗದಂತೆಯೇ ಅಧಿಕಮಾಸವಿರುವುದರಿಂದ ಹಬ್ಬಗಳು ಆಯಾ ಋತುವಿನಲ್ಲಿಯೇ ಉಳಿಯುತ್ತವೆ: ಹೊಸ ವರ್ಷ ಮತ್ತು ಸುಮಾರು 25 ಗಂಟೆಗಳ ಉಪವಾಸದ ಯೋಮ್ ಕಿಪ್ಪೂರ್ ಸೆಪ್ಟೆಂಬರ್-ಅಕ್ಟೋಬರಿನಲ್ಲಿ, ಪಾಸೋವರ್ ಮಾರ್ಚ್-ಏಪ್ರಿಲ್‌ನಲ್ಲಿ ಬರುತ್ತವೆ. 2022 ಮತ್ತು 2023ರಲ್ಲಿ ರಂಜಾನ್ ಮತ್ತು ಪಾಸೋವರ್ ಒಟ್ಟಿಗೆ ಬಂದಿದ್ದವು. ಅಂಥ ದಿನಗಳಲ್ಲಿ ಸೂರ್ಯಾಸ್ತದ ನಂತರ ಇಫ್ತಾರ್‌ಗೆ ಸೇರುವುದಾದರೂ ಪಾಸೋವರ್ ದಿನಗಳಲ್ಲಿ ಹುದುಗಿಸಿದ ಹಿಟ್ಟಿನ ತಿನಿಸು ನಿಷಿದ್ಧವಾದ್ದರಿಂದ ಮೇಜಿನ ಮೇಲೆ ಬ್ರೆಡ್ ಇರಬಾರದು ಎಂಬುದನ್ನು ನೆನಪಿಡಬೇಕು.

ಊಟದ ವಿಷಯದಲ್ಲಿ, ಮುಸ್ಲಿಮರ ಹಲಾಲ್ ಮತ್ತು ಯಹೂದಿಗಳ ಕೋಷರ್ ಆಹಾರ ನಿಯಮಗಳ ಬಗ್ಗೆ "ಎರಡೂ ಒಂದೇ ತಾನೆ" ಎಂಬ ಉದಾಸೀನ ಬೇಡ. ಎರಡರಲ್ಲಿಯೂ ಹಂದಿಮಾಂಸ ನಿಷಿದ್ಧ. ಕೋಷರ್ ನಿಯಮದಲ್ಲಿ ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಬೆರೆಸುವಂತಿಲ್ಲ, ಪಾತ್ರೆಗಳೂ ಬೇರೆಯಾಗಿರಬೇಕು. ಯಹೂದಿ ಆಚರಣೆಯಲ್ಲಿ ವೈನಿಗೆ ಪವಿತ್ರ ಸ್ಥಾನವಿದೆ, ಇಸ್ಲಾಮಿನಲ್ಲಿ ಅದು ನಿಷಿದ್ಧ. ಅತ್ಯಂತ ಸರಳ ದಾರಿಯೆಂದರೆ ಕೋಷರ್ ಪ್ರಮಾಣಪತ್ರವುಳ್ಳ ಅಡುಗೆಮನೆಯಿಂದ ಸಸ್ಯಾಹಾರ ತರಿಸಿ, ಅದರಲ್ಲಿ ವೈನ್ ಆಗಲಿ ಮದ್ಯಸಾರವಿರುವ ಸುವಾಸನೆಯಾಗಲಿ ಇಲ್ಲವೆಂದು ಕೇಳಿ ಖಚಿತಪಡಿಸಿಕೊಂಡು, ಹೊಸ ಕಾಗದದ ತಟ್ಟೆಗಳಲ್ಲಿ ಬಡಿಸುವುದು.

ಇದಕ್ಕಿಂತ ಹೆಚ್ಚು ಬಾರಿ ಕಣ್ತಪ್ಪುವುದು ಕೆಲಸದ ಸಾಮಗ್ರಿ. ತೈಲವರ್ಣಕ್ಕೆ ಬಳಸುವ ಗಟ್ಟಿ ಕುಂಚಗಳು ಸಾಮಾನ್ಯವಾಗಿ ಹಂದಿಯ ರೋಮದವು. ಯಹೂದಿ ನಿಯಮವು ತಿನ್ನುವುದಕ್ಕೆ ಸಂಬಂಧಿಸಿದ್ದರಿಂದ ಅವರಿಗೆ ಅದನ್ನು ಹಿಡಿಯಲು ಅಡ್ಡಿಯಿಲ್ಲ, ಆದರೆ ಅನೇಕ ಮುಸ್ಲಿಮರಿಗೆ ಅದು ಮುಟ್ಟಲೂ ಅಶುದ್ಧ. ಕೃತಕ ಎಳೆಯ ಕುಂಚಗಳನ್ನು ಖರೀದಿಸಿದರೆ ವಿಷಯ ಅಲ್ಲಿಗೆ ಮುಗಿಯುತ್ತದೆ. ಬಟ್ಟೆಯ ಕೆಲಸವಾದರೆ, ಉಣ್ಣೆಯನ್ನೂ ನಾರಗಸೆಯ ಲಿನನ್ ನೂಲನ್ನೂ ಬೆರೆಸಿದ ಉಡುಪು ಆಚಾರವಂತ ಯಹೂದಿಗಳಿಗೆ ನಿಷಿದ್ಧವೆಂಬುದೂ, ಅಪ್ಪಟ ರೇಷ್ಮೆ ಮುಸ್ಲಿಂ ಗಂಡಸರಿಗೆ ಬಹುತೇಕ ಪಂಡಿತರ ಪ್ರಕಾರ ವರ್ಜ್ಯವೆಂಬುದೂ ಮೊದಲೇ ಗೊತ್ತಿರಲಿ.

ಇನ್ನೊಂದು ಏರ್ಪಾಡನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುತ್ತೇನೆ. ಕಾರ್ಯಾಗಾರದ ಒಂದು ಮೂಲೆಯಲ್ಲಿ ಮುಚ್ಚಳವಿರುವ ಮರದ ಪೆಟ್ಟಿಗೆಯೊಂದನ್ನು ಇಡಿ. ದೇವರ ಹೆಸರಿರುವ ಕಾಗದವನ್ನು ಕಸದ ಬುಟ್ಟಿಗೆ ಹಾಕುವ ಪದ್ಧತಿ ಎರಡೂ ಧರ್ಮಗಳಲ್ಲಿ ಇಲ್ಲ. ಅಕ್ಷರಕಲೆಯ ಅಭ್ಯಾಸದಲ್ಲಿ ಹಾಳಾದ ಹಾಳೆಗಳು ನೂರಾರು. ಅವೆಲ್ಲವೂ ಆ ಪೆಟ್ಟಿಗೆಗೆ ಹೋಗಲಿ, ವರ್ಷದ ಕೊನೆಗೆ ಎರಡೂ ಕಡೆಯ ಹಿರಿಯರನ್ನು ಕೇಳಿ ಅವುಗಳನ್ನು ಮಣ್ಣು ಮಾಡುವ ಏರ್ಪಾಡಾಗಲಿ. ಕನ್ನಡಿಗರಾದ ನಮಗೆ ಈ ಪದ್ಧತಿಯ ಋಣವಿದೆ. ಹಳೆಯ ಕೈರೊದ ಬೆನ್ ಎಜ್ರಾ ಸಿನಗಾಗಿನಲ್ಲಿ (ಯಹೂದಿ ಪ್ರಾರ್ಥನಾಮಂದಿರದಲ್ಲಿ) ಹೀಗೆ ಕೂಡಿಟ್ಟ ಕಾಗದಗಳ ಕೋಣೆಯಿಂದಲೇ 12ನೆಯ ಶತಮಾನದ ಮಂಗಳೂರಿನ ಬದುಕಿನ ಚಿತ್ರಣವೊಂದು ನಮಗೆ ದೊರೆತದ್ದು. ಇಂದಿನ ಟ್ಯುನೀಷಿಯಾದ ಮಹದಿಯಾದಿಂದ ಬಂದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದ. ಅಲ್ಲಿ ಕಂಚು-ಹಿತ್ತಾಳೆಯ ಕಾರ್ಖಾನೆ ನಡೆಸಿ, 1149ರಲ್ಲಿ ಯೆಮೆನ್ ತೀರದ ಏಡನ್‌ಗೆ ಮರಳಿದ. ಏಡನ್ನಿನ ಗೆಳೆಯರು ಒಡೆದ ಪಾತ್ರೆಗಳನ್ನು ಹಡಗಿನಲ್ಲಿ ಕಳಿಸಿ, ಕರಗಿಸಿ ಹೊಸದಾಗಿ ಎರೆದು ಕೊಡುವಂತೆ ಬರೆಯುತ್ತಿದ್ದರು. ಜೊತೆಗೆ ಕಾಗದವನ್ನೂ ಸಕ್ಕರೆಯನ್ನೂ ಒಣದ್ರಾಕ್ಷಿಯನ್ನೂ ಉಡುಗೊರೆಯಾಗಿ ಕಳಿಸುತ್ತಿದ್ದರು. ಆ ಪತ್ರಗಳ ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಮುಸ್ಲಿಂ, ಯಹೂದಿ, ಹಿಂದೂ ವ್ಯಾಪಾರಿಗಳು ಒಂದೇ ಸಮುದ್ರವನ್ನು ಹಂಚಿಕೊಂಡಿದ್ದ ಆ ಲೋಕದ ಒಂದೆರಡು ಪತ್ರಗಳ ಪ್ರತಿಯನ್ನು ಮೊದಲ ವಾರವೇ ತಂಡದ ಮುಂದೆ ಹರಡಿದರೆ, ಅರಬ್ಬಿ ಬಲ್ಲವರಿಗೆ ಲಿಪಿ ಓದಲು ಬಾರದು, ಹೀಬ್ರೂ ಲಿಪಿ ಬಲ್ಲವರಿಗೆ ಅರ್ಥ ತಿಳಿಯದು. ಒಬ್ಬರು ಅಕ್ಷರ ಹೇಳಬೇಕು, ಇನ್ನೊಬ್ಬರು ಪದ ಹೇಳಬೇಕು. ಪರಿಚಯಕ್ಕೆ ಇದಕ್ಕಿಂತ ಒಳ್ಳೆಯ ಆಟ ನನಗೆ ಗೊತ್ತಿಲ್ಲ.

ಜೋಡಿಯಾಗಿ ಓದುವುದು

ಮೊದಲ ಎರಡು ತಿಂಗಳು ಕೃತಿರಚನೆಯ ಒತ್ತಡ ಬೇಡ. ಯಹೂದಿ ಪಾಠಶಾಲೆಗಳಲ್ಲಿ ಇಬ್ಬರು ಎದುರುಬದುರು ಕುಳಿತು, ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದಿ ವಾದಿಸುವ ಹವ್ರೂತಾ ಎಂಬ ಪದ್ಧತಿಯಿದೆ. ಮಸೀದಿಗಳಲ್ಲಿ ಗುರುವಿನ ಸುತ್ತ ವೃತ್ತಾಕಾರವಾಗಿ ಕೂರುವ ಹಲ್ಕಾ ಇದೆ. ಎರಡನ್ನೂ ಬಳಸಿ: ಮೊದಲು ಜೋಡಿಗಳಲ್ಲಿ, ಬಳಿಕ ವೃತ್ತದಲ್ಲಿ.

ಯಾವ ಪಠ್ಯದಿಂದ ಆರಂಭಿಸಬೇಕು ಎಂಬುದರಲ್ಲಿ ಎಚ್ಚರ ಬೇಕು. ಎರಡೂ ಧರ್ಮಗಳ ಮೂಲಪುರುಷನೆಂದು ಅಬ್ರಹಾಮನು ಮಗನನ್ನು ಬಲಿಗೆ ಒಯ್ದ ಕಥೆಯನ್ನೇ ಅನೇಕರು ಮೊದಲು ಎತ್ತಿಕೊಳ್ಳುತ್ತಾರೆ. ಆದರೆ ಬಲಿಗೆ ಒಯ್ದದ್ದು ಇಸಾಕನನ್ನೆಂದು ಬೈಬಲಿನ ಆದಿಕಾಂಡ ಹೇಳಿದರೆ, ಮುಸ್ಲಿಂ ಸಂಪ್ರದಾಯದ ಬಹುಮತ ಇಸ್ಮಾಯಿಲನನ್ನೆಂದು ಹೇಳುತ್ತದೆ. ಪರಸ್ಪರ ಹೆಸರು ಕೂಡ ಸರಿಯಾಗಿ ತಿಳಿಯದ ವಾರದಲ್ಲಿ "ಯಾರ ಮಗ" ಎಂಬ ವ್ಯಾಜ್ಯ ಬೇಕಿಲ್ಲ. ಅದನ್ನು ಆರನೆಯ ತಿಂಗಳಿಗೆ ಇಟ್ಟುಕೊಳ್ಳಿ.

ಆರಂಭಕ್ಕೆ ಯೋಸೇಫನ, ಅಂದರೆ ಯೂಸುಫನ ಕಥೆ ಸೂಕ್ತ. ಆದಿಕಾಂಡದ 37ನೆಯ ಅಧ್ಯಾಯದಿಂದ ಕೊನೆಯವರೆಗೂ, ಕುರ್‌ಆನಿನ 12ನೆಯ ಅಧ್ಯಾಯದಲ್ಲಿ ಇಡಿಯಾಗಿಯೂ ಅದು ಬರುತ್ತದೆ, ಮತ್ತು ಎರಡರಲ್ಲಿಯೂ ಬಟ್ಟೆಯೇ ಕಥೆಯನ್ನು ನಡೆಸುತ್ತದೆ. ಅಣ್ಣಂದಿರು ಅವನ ಅಂಗಿಗೆ ರಕ್ತ ಬಳಿದು ತಂದೆಗೆ ತೋರಿಸುವುದು ಎರಡರಲ್ಲಿಯೂ ಇದೆ. ಈಜಿಪ್ಟಿನಲ್ಲಿ ಒಡೆಯನ ಹೆಂಡತಿ ಅವನನ್ನು ಹಿಡಿದೆಳೆದಾಗ, ಆದಿಕಾಂಡದಲ್ಲಿ ಅವನು ಬಿಟ್ಟೋಡಿದ ಬಟ್ಟೆ ಅವಳ ಕೈಯಲ್ಲಿ ಉಳಿದು ಅವನನ್ನು ಸೆರೆಮನೆಗೆ ತಳ್ಳುವ ಸುಳ್ಳು ಸಾಕ್ಷಿಯಾಗುತ್ತದೆ. ಕುರ್‌ಆನಿನಲ್ಲಿ ಅಂಗಿ ಹಿಂಬದಿಯಿಂದ ಹರಿದಿರುವುದೇ ಅವನು ನಿರಪರಾಧಿ ಎಂಬುದಕ್ಕೆ ಪುರಾವೆಯಾಗುತ್ತದೆ. ಕೊನೆಗೆ ಅದೇ ಯೂಸುಫ್ ಕಳಿಸಿದ ಅಂಗಿಯನ್ನು ಮುಖದ ಮೇಲೆ ಹಾಕಿದಾಗ ಅತ್ತು ಕುರುಡಾಗಿದ್ದ ತಂದೆಗೆ ದೃಷ್ಟಿ ಮರಳುತ್ತದೆ. ಅವನ ಚೆಲುವನ್ನು ಕಂಡು ಬೆರಗಾದ ಹೆಂಗಸರು ಚಾಕುವಿನಿಂದ ತಮ್ಮ ಕೈಗಳನ್ನೇ ಕುಯ್ದುಕೊಳ್ಳುವ ಸನ್ನಿವೇಶ ಕುರ್‌ಆನಿನಲ್ಲಿದೆ, ಬೈಬಲಿನಲ್ಲಿಲ್ಲ. ಆದರೆ ಯಹೂದಿ ವ್ಯಾಖ್ಯಾನ ಪರಂಪರೆಯ ಮಿದ್ರಾಶ್‌ಗಳಲ್ಲಿ ಅದೇ ಘಟನೆ ಇದೆ, ಅಲ್ಲಿ ಆ ಹೆಂಗಸರ ಕೈಯಲ್ಲಿರುವ ಹಣ್ಣು ಮಾದಲ. ಇಷ್ಟು ಸಾಮಗ್ರಿ ಕಸೂತಿ ಮಾಡುವವರಿಗೂ ಚಿತ್ರ ಬರೆಯುವವರಿಗೂ ಒಂದು ವರ್ಷಕ್ಕೆ ಸಾಕಾಗುವಷ್ಟಿದೆ. ಒಂದು ಜೋಡಿಗೆ ಒಂದು ಅಂಗಿ ಕೊಟ್ಟು, ಅದು ಸುಳ್ಳು ಸಾಕ್ಷಿಯೋ ನಿಜಸಾಕ್ಷಿಯೋ ಎಂಬುದನ್ನು ಹೊಲಿಗೆಯಲ್ಲಿಯೇ ಹೇಳುವಂತೆ ಕೇಳಿ ನೋಡಬಹುದು.

ಕೆಲಸದ ಮೇಜು

ಅಕ್ಷರಕಲೆಯನ್ನು ಉದಾಹರಣೆಯಾಗಿಟ್ಟುಕೊಂಡು ಹೇಳುವುದಾದರೆ, ಮೊದಲ ಅಭ್ಯಾಸ ಲೇಖನಿ ಕೆತ್ತುವುದು. ಅರಬ್ಬಿ ಬರಹಗಾರರ ಕಲಮ್ ಜೊಂಡಿನದು. ಯುರೋಪಿನ ಯಹೂದಿ ಲಿಪಿಕಾರರು ಹಕ್ಕಿಗರಿಯನ್ನು ಬಳಸಿದರೆ, ಅರಬ್ ನಾಡುಗಳಲ್ಲಿದ್ದ ಯಹೂದಿ ಲಿಪಿಕಾರರು ತಮ್ಮ ಮುಸ್ಲಿಂ ನೆರೆಯವರಂತೆ ಜೊಂಡನ್ನೇ ಬಳಸುತ್ತಿದ್ದರು. ಒಂದೇ ಕಟ್ಟು ಜೊಂಡು, ಒಂದೇ ಬಗೆಯ ಚಾಕು, ಒಂದೇ ಮಸಿ ಕೊಟ್ಟು, ಪ್ರತಿಯೊಬ್ಬರೂ ತಮ್ಮ ಲಿಪಿಗೆ ತಕ್ಕ ತುದಿಯನ್ನು ಕೆತ್ತಿ ಪಕ್ಕದವರಿಗೆ ಕೊಡಲಿ. ಹೀಬ್ರೂ ಚೌಕಾಕ್ಷರದಲ್ಲಿ ಅಡ್ಡಗೆರೆ ದಪ್ಪ, ಉದ್ದಗೆರೆ ಸಪೂರ. ಲಿಪಿಕಾರನು ಚರ್ಮದ ಹಾಳೆಯ ಮೇಲೆ ಗೀರಿದ ಗೆರೆಯ ಕೆಳಗೆ ಅಕ್ಷರಗಳನ್ನು ತೂಗುಹಾಕುತ್ತಾನೆ. ಅರಬ್ಬಿ ಅಕ್ಷರಗಳು ಗೆರೆಯ ಮೇಲೆ ಕೂರುತ್ತವೆ. 10ನೆಯ ಶತಮಾನದ ಬಗ್ದಾದಿನ ಇಬ್ನ್ ಮುಕ್ಲಾನ ಹೆಸರಿನಲ್ಲಿ ಬಂದಿರುವ ಕ್ರಮದಂತೆ ಪ್ರತಿ ಅಕ್ಷರದ ಎತ್ತರವನ್ನೂ ಬಾಗನ್ನೂ ಲೇಖನಿಯ ತುದಿ ಒತ್ತಿದ ವಜ್ರಾಕಾರದ ಚುಕ್ಕೆಗಳಿಂದ ಅಳೆಯುತ್ತಾರೆ. ಪಕ್ಕದವರ ಲೇಖನಿಯಿಂದ ಪಕ್ಕದವರ ಒಂದು ಅಕ್ಷರವನ್ನು ಸರಿಯಾಗಿ ಬರೆಯಲು ಒಂದು ಇಡೀ ಬೆಳಗ್ಗೆ ಬೇಕು. ಆ ಬೆಳಗ್ಗೆಯ ಮಾತುಕತೆಯೆಲ್ಲ ಮೊಣಕೈ, ಉಸಿರು, ಮಸಿಯ ತೆಳುವಿನ ಬಗ್ಗೆ ಇರುತ್ತದೆ, ಇರಬೇಕಾದದ್ದೂ ಹಾಗೆಯೇ.

ಬಳಿಕ ಹಳೆಯ ಮಾದರಿಗಳನ್ನು ತೋರಿಸಿ. ಸುಮಾರು 1008ರಲ್ಲಿ ಕೈರೊದಲ್ಲಿ ಬರೆದ ಹೀಬ್ರೂ ಬೈಬಲಿನ ಲೆನಿನ್‌ಗ್ರಾಡ್ ಪ್ರತಿಯಲ್ಲಿ ಜಮಖಾನೆಯ ವಿನ್ಯಾಸದಂಥ ಪುಟಗಳಿವೆ. ಅವುಗಳ ಗೆರೆಗಳನ್ನು ಕಣ್ಣು ಹತ್ತಿರ ಒಯ್ದು ನೋಡಿದರೆ ಅವು ಇರುವೆ ಸಾಲಿನಂತೆ ಸಣ್ಣ ಅಕ್ಷರಗಳು. ಆ ಜ್ಯಾಮಿತಿ ಆ ಕಾಲದ ಇಸ್ಲಾಮೀ ಹಸ್ತಪ್ರತಿಗಳ ಬಂಧುವೇ. ಸ್ಪೇನಿನ ಟೊಲೆಡೊದಲ್ಲಿ 14ನೆಯ ಶತಮಾನದ ನಡುವಿನಲ್ಲಿ ಸಾಮ್ಯುಯೆಲ್ ಹಲೇವಿ ಕಟ್ಟಿಸಿದ ಸಿನಗಾಗಿನ ಗಾರೆಯ ಗೋಡೆಗಳಲ್ಲಿ ಹೀಬ್ರೂ ಬರಹದ ನಡುವೆ ಅರಬ್ಬಿ ಬರಹವೂ ಇದೆ. ಯೆಮೆನ್‌ನಲ್ಲಿ ಬೆಳ್ಳಿಯ ಕೆಲಸ ಬಹುಪಾಲು ಯಹೂದಿ ಅಕ್ಕಸಾಲಿಗರ ಕೈಯಲ್ಲಿತ್ತು, ಮುಸ್ಲಿಂ ಮದುಮಗಳ ಒಡವೆಯೂ ಅವರದೇ ಕೈಕೆಲಸ. 1949-50ರಲ್ಲಿ ಅವರಲ್ಲಿ ಬಹುತೇಕರು ದೇಶ ಬಿಟ್ಟರು. 1932ರ ಕೈರೊ ಅರಬ್ ಸಂಗೀತ ಸಮ್ಮೇಳನಕ್ಕೆ ಇರಾಕ್ ಕಳಿಸಿದ ತಂಡದಲ್ಲಿ ಗಾಯಕ ಮುಹಮ್ಮದ್ ಅಲ್-ಕುಬ್ಬಾಂಜಿ ಮುಸ್ಲಿಂ, ವಾದ್ಯಗಾರರಲ್ಲಿ ಹೆಚ್ಚಿನವರು ಯಹೂದಿಗಳು. ನಮ್ಮ ನೆರೆಯ ಕೊಚ್ಚಿಯ ಮಟ್ಟಾಂಚೇರಿಯಲ್ಲಿ 2019ರಲ್ಲಿ ತೀರಿಕೊಂಡ ಯಹೂದಿ ಮಹಿಳೆ ಸಾರಾ ಕೊಹೆನ್ ಅವರ ಕಸೂತಿ ಅಂಗಡಿಯನ್ನು ಅವರ ಇಳಿವಯಸ್ಸಿನಲ್ಲಿ ನೋಡಿಕೊಂಡದ್ದು ಮುಸ್ಲಿಂ ಕುಟುಂಬದ ಗೆಳೆಯರೊಬ್ಬರು.

ಇವನ್ನು ತೋರಿಸುವಾಗ "ಆಗ ಎಲ್ಲರೂ ಅಣ್ಣತಮ್ಮಂದಿರಂತಿದ್ದರು" ಎಂದು ಹೇಳಬೇಡಿ. ಅಂದಿನ ಯಹೂದಿಗಳ ಮೇಲೆ ತೆರಿಗೆಯ ಭಾರವೂ ಕಾನೂನಿನ ಕಟ್ಟುಗಳೂ ಇದ್ದವು, 20ನೆಯ ಶತಮಾನದಲ್ಲಿ ಅರಬ್ ದೇಶಗಳ ಯಹೂದಿಗಳು ಮನೆಮಠ ಕಳೆದುಕೊಂಡರು, 1948ರಲ್ಲಿ ಲಕ್ಷಾಂತರ ಪ್ಯಾಲೆಸ್ಟೀನಿಯರು ನಿರಾಶ್ರಿತರಾದರು. ತಂಡದಲ್ಲಿ ಈ ಎರಡೂ ನೆನಪುಗಳನ್ನು ಹೊತ್ತ ಕುಟುಂಬಗಳವರು ಇರುತ್ತಾರೆ. ಕೈಕೆಲಸದಲ್ಲಿ ಕೊಡುಕೊಳ್ಳುವಿಕೆ ನಡೆದದ್ದು ಅಸಮಾನತೆಯ ನಡುವೆಯೇ ಎಂಬ ಪೂರ್ತಿ ಮಾತನ್ನು ಹೇಳಿದಾಗ ಮಾತ್ರ ಅವರು ನಿಮ್ಮನ್ನು ನಂಬುತ್ತಾರೆ.

ಕೆಟ್ಟ ಸುದ್ದಿ ಬರುವ ಮೊದಲು

2023ರ ಅಕ್ಟೋಬರ್ 7ರಂದು ಹಮಾಸ್ ನಡೆಸಿದ ದಾಳಿ ಮತ್ತು ಅದರ ನಂತರ ಗಾಜಾದಲ್ಲಿ ನಡೆದ ಯುದ್ಧ ಇಂಥ ಎಷ್ಟೋ ಬಳಗಗಳನ್ನು ಒಡೆದವು. ಆದ್ದರಿಂದ ಒಡಂಬಡಿಕೆಯನ್ನು ಶಾಂತಿಯ ದಿನಗಳಲ್ಲಿಯೇ, ಮೊದಲ ತಿಂಗಳಲ್ಲಿಯೇ ಬರೆದುಕೊಳ್ಳಬೇಕು. ಅದನ್ನು ಸಂಚಾಲಕರು ಬರೆದು ತಂದು ಓದಬಾರದು. ಕಲಾವಿದರೇ ಕುಳಿತು ವಾಕ್ಯ ವಾಕ್ಯವಾಗಿ ಬರೆಯಬೇಕು.

ಅದರಲ್ಲಿ ಇರಬೇಕಾದ ಕೆಲವು ಅಂಶಗಳನ್ನು ಹೇಳುತ್ತೇನೆ. ದೊಡ್ಡ ಹಿಂಸೆಯ ಸುದ್ದಿ ಬಂದಾಗ ಎರಡು ದಿನಗಳೊಳಗೆ ಸಂಚಾಲಕರಿಬ್ಬರೂ ಪ್ರತಿಯೊಬ್ಬ ಕಲಾವಿದರಿಗೂ ಖುದ್ದಾಗಿ ಫೋನ್ ಮಾಡುತ್ತಾರೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ಆ ವಿಷಯದ ಚರ್ಚೆ ನಡೆಯುವುದಿಲ್ಲ. ಕಲಾವಿದರ ಪರವಾಗಿ ಸಂಸ್ಥೆ ಯಾವ ಹೇಳಿಕೆಯನ್ನೂ ಹೊರಡಿಸುವುದಿಲ್ಲ, ಆದರೆ ಯಾರೂ ತಮ್ಮ ಹೆಸರಿನಲ್ಲಿ ಹೇಳುವುದನ್ನು ತಡೆಯುವುದೂ ಇಲ್ಲ. ಒಬ್ಬ ಯಹೂದಿ ಕಲಾವಿದ ಇಸ್ರೇಲ್ ಸರ್ಕಾರದ ಪರವಾಗಿಯೂ, ಒಬ್ಬ ಮುಸ್ಲಿಂ ಕಲಾವಿದೆ ಯಾವುದೋ ಸಶಸ್ತ್ರ ಗುಂಪಿನ ಪರವಾಗಿಯೂ ಉತ್ತರ ಕೊಡಬೇಕಾಗಿಲ್ಲ. ಕೋಣೆಯೊಳಗೆ ಕೇಳಿದ ಮಾತನ್ನು ಹೇಳಿದವರ ಅನುಮತಿಯಿಲ್ಲದೆ ಹೊರಗೆ ಹೇಳುವಂತಿಲ್ಲ. ಸುದ್ದಿಯ ನಂತರದ ಮೊದಲ ಸಭೆಯಲ್ಲಿ ಕೆಲಸವಿಲ್ಲ. ಪ್ರತಿಯೊಬ್ಬರೂ ಸರದಿಯಂತೆ ಮಾತನಾಡುತ್ತಾರೆ, ಉಳಿದವರು ಮರುಮಾತಿಲ್ಲದೆ ಕೇಳುತ್ತಾರೆ. ಸ್ವಲ್ಪ ಕಾಲ ದೂರವಿರಲು ಬಯಸುವವರಿಗೆ ಗೌರವಧನ ಕಡಿತವಾಗುವುದಿಲ್ಲ.

ಇಲ್ಲಿ ಸಂಗೀತಲೋಕದ ಒಂದು ನಿದರ್ಶನ ನೋಡಬೇಕು. ಡೇನಿಯಲ್ ಬಾರೆನ್‌ಬೋಯಿಮ್ ಎಂಬ ಯಹೂದಿ ವಾದ್ಯವೃಂದ ನಿರ್ದೇಶಕ ಮತ್ತು ಪ್ಯಾಲೆಸ್ಟೀನಿಯನ್ ಮೂಲದ ಚಿಂತಕ ಎಡ್ವರ್ಡ್ ಸಯೀದ್ 1999ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ಇಸ್ರೇಲಿ ಮತ್ತು ಅರಬ್ ಯುವ ವಾದ್ಯಗಾರರನ್ನು ಸೇರಿಸಿ ವೆಸ್ಟ್-ಈಸ್ಟರ್ನ್ ದಿವಾನ್ ವಾದ್ಯವೃಂದವನ್ನು ಕಟ್ಟಿದರು. ಅದು ಧರ್ಮಗಳ ಸಂವಾದವಲ್ಲ, ಅದರ ಗುರಿ ಬೇರೆ. ಆದರೂ 2005ರಲ್ಲಿ ಅದು ಪಶ್ಚಿಮ ದಂಡೆಯ ಪ್ಯಾಲೆಸ್ಟೀನಿಯನ್ ನಗರ ರಮಲ್ಲಾದಲ್ಲಿ ನುಡಿಸಿದಾಗ ವಾದ್ಯಗಾರರ ಪ್ರಯಾಣಕ್ಕೆ ಸ್ಪೇನ್ ಸರ್ಕಾರ ರಾಜತಾಂತ್ರಿಕ ಪಾಸ್‌ಪೋರ್ಟ್‌ಗಳನ್ನು ಕೊಟ್ಟಿತು ಎಂಬುದನ್ನು ಗಮನಿಸಬೇಕು. ಕಲಾವಿದರ ಸದಿಚ್ಛೆಯೊಂದರಿಂದಲೇ ಆ ಕಛೇರಿ ನಡೆಯಲಿಲ್ಲ. ಕಾಗದಪತ್ರ, ಭದ್ರತೆ, ಪ್ರಯಾಣದ ಹೊಣೆಯನ್ನು ಯಾರೋ ಹೊತ್ತಿದ್ದರು. ಫೆಲೋಶಿಪ್ ನಡೆಸುವವರ ಪಾಲಿನ ಕೆಲಸ ಅದೇ.

ಪ್ರದರ್ಶನ

ಪ್ರದರ್ಶನಕ್ಕೆ ಮೊದಲ ಸಲ ಮಸೀದಿಯನ್ನಾಗಲಿ ಸಿನಗಾಗನ್ನಾಗಲಿ ಆರಿಸಬೇಡಿ, ಸಾರ್ವಜನಿಕ ಗ್ರಂಥಾಲಯ ಅಥವಾ ಊರ ಗ್ಯಾಲರಿ ಉತ್ತಮ. ಭದ್ರತೆಯ ಬಗ್ಗೆ ತಂಡದೊಂದಿಗೆ ಮುಂಚೆಯೇ ಮಾತನಾಡಿ. 2018ರ ಪಿಟ್ಸ್‌ಬರ್ಗ್ ಸಿನಗಾಗಿನ ಹತ್ಯಾಕಾಂಡದ ನಂತರ ಅನೇಕ ಯಹೂದಿಗಳು ಬಾಗಿಲಲ್ಲಿ ಪೊಲೀಸರಿದ್ದರೆ ನೆಮ್ಮದಿ ಎನ್ನುತ್ತಾರೆ. 2001ರ ಬಳಿಕ ನ್ಯೂಯಾರ್ಕ್ ಪೊಲೀಸರು ಮುಸ್ಲಿಂ ಬಡಾವಣೆಗಳ ಮೇಲೆ ಇಟ್ಟ ಗುಪ್ತ ನಿಗಾವನ್ನು ಕಂಡವರಿಗೆ ಅದೇ ಪೊಲೀಸರು ಭಯದ ಕಾರಣ. ಸಮವಸ್ತ್ರವಿಲ್ಲದ ತರಬೇತಿ ಪಡೆದ ಸ್ವಯಂಸೇವಕರನ್ನು ಬಾಗಿಲಲ್ಲಿ ನಿಲ್ಲಿಸಿ, ಪೊಲೀಸರಿಗೆ ಕಾರ್ಯಕ್ರಮದ ಮಾಹಿತಿ ಕೊಟ್ಟಿರುವುದು ನಡುದಾರಿಯಾಗಬಹುದು. ಛಾಯಾಚಿತ್ರಕ್ಕೆ ಪ್ರತಿಯೊಬ್ಬರ ಲಿಖಿತ ಒಪ್ಪಿಗೆ ಬೇಕು; ಜೋಡಿಯಾಗಿ ನಿಲ್ಲಿಸಿ ಕೈಕುಲುಕಿಸುವ ಚಿತ್ರವನ್ನು ತೆಗೆಸಬೇಡಿ, ಎರಡೂ ಕಡೆ ಆಚಾರವಂತರಲ್ಲಿ ಅನ್ಯ ಗಂಡು-ಹೆಣ್ಣು ಕೈ ಮುಟ್ಟದವರಿದ್ದಾರೆ.

ಗೋಡೆಯ ಮೇಲಿನ ಫಲಕದಲ್ಲಿ ಕೃತಿಯ ಹೆಸರು, ಸಾಮಗ್ರಿ, ರಚಿಸಿದವರ ಹೆಸರುಗಳು, ಯಾರು ಯಾವ ಭಾಗ ಮಾಡಿದರು ಎಂಬುದಿರಲಿ. "ಸಹಬಾಳ್ವೆ", "ಸೇತುವೆ", "ಒಂದೇ ಆಕಾಶ" ಎಂಬಂಥ ಶೀರ್ಷಿಕೆಗಳನ್ನು ಸಂಸ್ಥೆ ಅಂಟಿಸಬಾರದು. ಒಂದು ಜೋಡಿ ಕೃತಿಯನ್ನು ಮುಗಿಸಲಾಗದೆ ಬಿಟ್ಟಿದ್ದರೆ, ಇಬ್ಬರೂ ಒಪ್ಪುವುದಾದರೆ, ಮುಗಿಯದ ಕೃತಿಯನ್ನೇ ತೂಗುಹಾಕಿ. ನೋಡುವವರಿಗೆ ಅದು ಮುಗಿದ ಕೃತಿಗಳಷ್ಟೇ ಮುಖ್ಯವಾದದ್ದು.

ಜಂಟಿ ಕೃತಿಯ ಹಕ್ಕು ಯಾರದೆಂಬುದು ಆರಂಭದ ಕರಾರಿನಲ್ಲಿಯೇ ಇರಬೇಕು: ಮಾರಾಟದ ಹಣ ಅರ್ಧರ್ಧ, ಒಬ್ಬರ ಒಪ್ಪಿಗೆಯಿಲ್ಲದೆ ಇನ್ನೊಬ್ಬರು ಮಾರುವಂತಿಲ್ಲ, ಮುದ್ರಿಸುವಂತಿಲ್ಲ, ಇಬ್ಬರಲ್ಲಿ ಯಾರೇ ಆದರೂ ಪ್ರದರ್ಶನಕ್ಕೆ ಎರಡು ವಾರ ಮೊದಲಿನವರೆಗೆ ಕಾರಣ ಹೇಳದೆ ಕೃತಿಯನ್ನು ಹಿಂತೆಗೆದುಕೊಳ್ಳಬಹುದು. ಈ ಕೊನೆಯ ಹಕ್ಕು ಇದ್ದಾಗ ಅದನ್ನು ಬಳಸುವವರು ಕಡಿಮೆ. ಇಲ್ಲದಿದ್ದಾಗ ಅದೇ ಜಗಳಕ್ಕೆ ಮೂಲ.

ಎರಡನೆಯ ವರ್ಷಕ್ಕೆ

ಒಟ್ಟು ಹಣದಲ್ಲಿ ಐದರಲ್ಲೊಂದು ಪಾಲನ್ನು ಪ್ರದರ್ಶನದ ನಂತರಕ್ಕೆ ಕಡ್ಡಾಯವಾಗಿ ತೆಗೆದಿಡಿ. ಫೆಲೋಶಿಪ್ ಮುಗಿದ ಮೇಲೂ ಒಟ್ಟಿಗೆ ಕೆಲಸ ಮುಂದುವರಿಸಲು ಬಯಸುವ ಜೋಡಿಗಳಿಗೆ ಸಣ್ಣ ಅನುದಾನ, ಕಾರ್ಯಾಗಾರದ ಬೀಗದಕೈ, ವರ್ಷಕ್ಕೆ ಎರಡು ಸಲ ಸೇರುವ ಖರ್ಚು ಅದರಿಂದ ಹೋಗಲಿ. ಯಶಸ್ಸನ್ನು ಅಳೆಯಲು ಪ್ರದರ್ಶನದ ಮರುದಿನ ಪ್ರಶ್ನಾವಳಿ ಹಂಚುವುದರಲ್ಲಿ ಅರ್ಥವಿಲ್ಲ. ಆ ದಿನ ಎಲ್ಲರೂ ಸಂತೋಷದಲ್ಲಿರುತ್ತಾರೆ. ಒಂದು ವರ್ಷದ ನಂತರ ಪ್ರತಿಯೊಬ್ಬರಿಗೂ ಫೋನ್ ಮಾಡಿ, ತಂಡದ ಇನ್ನೊಂದು ಸಮುದಾಯದ ಯಾರೊಂದಿಗಾದರೂ ಈಗ ಕೆಲಸ ಮಾಡುತ್ತಿದ್ದೀರಾ, ಅವರ ಮನೆಗೆ ಹೋಗಿದ್ದೀರಾ, ಕಷ್ಟದ ದಿನ ಅವರಿಗೆ ಫೋನ್ ಮಾಡಿದ್ದೀರಾ ಎಂದು ಕೇಳಿ, ಬಂದ ಉತ್ತರಗಳನ್ನು ಹಾಗೆಯೇ ದಾನಿಗಳಿಗೆ ಕಳಿಸಿ. ಎರಡನೆಯ ತಂಡದ ಆಯ್ಕೆ ಸಮಿತಿಗೆ ಮೊದಲ ತಂಡದಿಂದ ಇಬ್ಬರನ್ನು, ಸಾಧ್ಯವಾದರೆ ತಮ್ಮ ಕೃತಿಯನ್ನು ಮುಗಿಸಲಾಗದ ಜೋಡಿಯನ್ನೇ, ಸೇರಿಸಿಕೊಳ್ಳಿ.